ಬಿಸಿಲಲ್ಲಿ ಮಾವನ ಗಾಳ

ಬಿಸಿಲು ಏರಿದಷ್ಟೂ ಮನುಷ್ಯನ ತಲೆಯೊಳಗೆ ಏನೋ ಕರಗುತ್ತೆ ಕಣ್ರೀ, ಇಲ್ಲದಿದ್ದರೆ ನಮ್ಮ ಕಡೆ ಬೇಸಿಗೆಗೊಂದು ಇಂಥ ಪ್ರಸಂಗ ತಪ್ಪದೆ ಯಾಕೆ ನಡೀಬೇಕು?

ಹಿಂದೂಪುರದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಈ ವರ್ಷದ ಬಿಸಿಗಾಳಿಗೆ ದಿನಾ ಸುಟ್ಟ ಫ್ಯಾನುಗಳು ಬಂದು ಬೀಳ್ತಿವೆ. ಒಂದೊಂದು ಫ್ಯಾನ್ ಬಿಚ್ಚುವಾಗಲೂ ಕಲ್ಯಾಣದುರ್ಗದ ನಮ್ಮ ಮಾವ ನೆನಪಾಗ್ತಾರೆ. ಟೈಲರ್ ಅವರು. ಬದುಕಿನಲ್ಲಿ ಸೂಜಿ ಹಿಡಿದದ್ದಕ್ಕಿಂತ ಗಾಳ ಹಿಡಿದದ್ದೇ ಜಾಸ್ತಿ. ಈಗಿಲ್ಲ. ಅವರಿಲ್ಲದ ಬೇಸಿಗೆ ನನಗೆ ಒಂಥರಾ ಬಿಕೋ ಅನ್ನುತ್ತೆ.

ಇದೆಲ್ಲಾ ನನ್ನ ಮದುವೆಯಾದ ಹೊಸದರ ಮಾತು. ಮದುವೆ ಊಟದಲ್ಲೇ ಮಾವ ಬೀದಿಯವರಿಗೆಲ್ಲಾ ಸಾರಿಬಿಟ್ಟಿದ್ದರು: "ನನ್ನ ಅಳಿಯಂಗೆ ಅಂಗಡಿ ಐಸ್ ಮೀನು ತಿನ್ಸಲ್ಲ. ಮೊದಲ ಸಲ ಮನೆಗೆ ಬಂದಾಗ ನಾನೇ ಗಾಳ ಹಾಕಿ ಹಿಡಿದ ಕೆರೆ ಮೀನು ತಿನ್ಸ್ತೀನಿ. ಇಲ್ಲಾಂದ್ರೆ ನಾನು ಮೀಸೆ ಇಟ್ಕೊಂಡು ಏನು ಪ್ರಯೋಜನ?"

ನಾನು ಮೊದಲ ಸಲ ಹೋಗಿದ್ದು ಸುಡುಸುಡು ಮೇ ತಿಂಗಳಲ್ಲಿ. ಕೆರೆ ಅರ್ಧ ಬತ್ತಿತ್ತು, ಉಳಿದ ನೀರು ಸ್ನಾನಕ್ಕೆ ಕಾಯಿಸಿಟ್ಟಂಗಿತ್ತು. ಭಾನುವಾರ ನಾನೂ ಹೆಂಡ್ತೀನೂ ವಾಪಸ್ ಹೊರಡಬೇಕು. ಅಷ್ಟರೊಳಗೆ ಒಂದಾದರೂ ಮೀನು ಬೀಳಬೇಕು, ಇಲ್ಲಾಂದ್ರೆ ಮಾವನ ಮೀಸೆ ಮಣ್ಣುಪಾಲು.

ತಂಪು ಡಬ್ಬಿ

ಆ ಬಿಸಿಲಿಗೆ ನೆಲದಲ್ಲಿ ಎರೆಹುಳು ಎಲ್ಲಿ ಬರಬೇಕು? ಮಾವ ಬಚ್ಚಲ ಮೋರಿ ಪಕ್ಕ ಅಗೆದೂ ಅಗೆದೂ ಒಂದು ಹಿಡಿ ಸಂಪಾದಿಸಿದರು. ಮಧ್ಯಾಹ್ನ ನಾನು ಮಜ್ಜಿಗೆ ಹುಡುಕ್ತಾ ಫ್ರಿಜ್ ತೆಗೆದೆ. ಸ್ಟೀಲ್ ಡಬ್ಬಿ ಕಾಣಿಸ್ತು, ಮುಚ್ಚಳ ಬಿಚ್ಚಿದೆ. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಓಡಿ ಬಂದರು.

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. "ಏನ್ರೀ ಇದು? ಮೊಸರು ಪಕ್ಕ ಹುಳ?"

"ಈಚೆ ಇಟ್ರೆ ಸತ್ತೋಯ್ತವೆ ಕಣೆ. ಎಂಥಾ ಬಿಸಿಲು ನೋಡಿದ್ಯಾ?"

"ಹೌದಾ? ಬೆಳಿಗ್ಗೆಯಿಂದ ಒಲೆ ಮುಂದೆ ಬೇಯ್ತಾ ಇದೀನಿ, ನನ್ನೂ ಒಂದು ಡಬ್ಬಿಗಾಕಿ ಅದರೊಳಗೇ ಇಟ್ಬುಡಿ!"

ಸಾರು ಮಾತ್ರ ರೆಡಿ

ಅತ್ತೆ ದಿನಾ ಬೆಳಿಗ್ಗೆ ಗಂಡನ ಮೇಲೆ ನಂಬಿಕೆಯಿಟ್ಟು ಮೀನಿನ ಮಸಾಲೆ ರುಬ್ಬುತ್ತಿದ್ದರು. ಮಾವ ದಿನಾ ಖಾಲಿ ಕೈಯಲ್ಲಿ ಬರ್ತಿದ್ದರು. ರುಬ್ಬಿದ ಮಸಾಲೆ ಕೆಡುತ್ತಲ್ಲ! ಒಂದಿನ ಅದಕ್ಕೆ ಬದನೆಕಾಯಿ ಬಿತ್ತು, ಇನ್ನೊಂದಿನ ಮೊಟ್ಟೆ, ಆಮೇಲೆ ಆಲೂಗಡ್ಡೆ. ಹುಣಿಸೆಹುಳಿ ಘಮ್ಮನ್ನುತ್ತೆ, ಕಣ್ಣು ಮುಚ್ಚಿ ತಿಂದರೆ ಮೀನು, ಬಿಟ್ಟರೆ ಬದನೆಕಾಯಿ.

ಮಾವನದು ಒಂದೇ ಸಮಜಾಯಿಷಿ. "ಮ್ಯಾಲಿನ ನೀರು ಕಾದೈತೆ ಅಳಿಯಂದ್ರೇ. ಮೀನೆಲ್ಲಾ ತಳದ ಗುಂಡಿಗೋಗಿ ತಣ್ಣಗೆ ಮಲಗವೆ. ಅವಕ್ಕೆ ತಿನ್ನೋ ಮನಸೇ ಇಲ್ಲ."

ಆ ಘಮಕ್ಕೆ ಎದುರು ಮನೆಯಾಕೆ ಬಾಗಿಲಿಗೇ ಬಂದು ತೆಲುಗಲ್ಲಿ ಕೇಳಿದಳು: "ಏಮಮ್ಮಾ, ಅಲ್ಲುಡಿಕಿ ಚೇಪಲ ಪುಲುಸಾ?" ಅಳಿಯನಿಗೆ ಮೀನ್ಸಾರಾ ಅಂತ.

ಅತ್ತೆ ಸೌಟು ಕೆಳಗಿಡದೇ ಅಂದರು: "ಸಾರು ಒಲೆ ಮೇಲೈತೆ, ಮೀನು ಕೆರೇಲೈತೆ. ಮಧ್ಯದಲ್ಲಿ ನಮ್ಮ ಯಜಮಾನ್ರು ಅವ್ರೆ."

ಛತ್ರಿ ಹಿಡಿದ ಹೆಣ

"ಬಿಸಿಲಲ್ಲಿ ಕೂತ್ರೆ ಬಿ.ಪಿ. ಏರುತ್ತೆ" ಅಂತ ಡಾಕ್ಟರ್ ಹೇಳಿದ್ದರು. ಮಾವ ಅದಕ್ಕೂ ದಾರಿ ಕಂಡುಕೊಂಡರು. ಕುತ್ತಿಗೆವರೆಗೂ ಕೆರೆಗೆ ಇಳಿದು, ತಲೆಗೆ ಒದ್ದೆ ಟವೆಲ್ ಸುತ್ತಿ, ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಗಾಳ ಹಿಡಿದು ಕೂತುಬಿಟ್ಟರು. ನಾನು ದಡದ ಜಾಲಿ ನೆರಳಲ್ಲಿ ತೂಕಡಿಸ್ತಾ ಇದ್ದೆ.

ಕಂಬದೂರು ಕಡೆಯಿಂದ ಕುರಿ ಹೊಡ್ಕೊಂಡು ಬಂದವನೊಬ್ಬ ನೀರಿನ ಮೇಲೆ ಬರೀ ತಲೆ ನೋಡಿ, "ಅಯ್ಯೋ, ಯಾರೋ ಮುಳುಗೋದ್ರಪ್ಪೋ!" ಅಂತ ಕಿರುಚಿ ಧುಮುಕಿಯೇ ಬಿಟ್ಟ. ಟವೆಲ್ ಸಮೇತ ಮಾವನ ಜುಟ್ಟು ಹಿಡಿದು ದರದರ ಎಳೆದ.

"ಬಿಡ್ಲಾ! ಮೀನು ಓಡೋಯ್ತವೆ ಬಿಡ್ಲಾ!" ಅಂತ ಮಾವ ಬೊಬ್ಬೆ.

ದಡಕ್ಕೆ ಬಂದ ಮೇಲೆ ಕುರಿಯವನು ಏದುಸಿರು ಬಿಡ್ತಾ ಹೇಳಿದ: "ನಂಗೂ ಅನುಮಾನ ಬಂತು ಕಣಣ್ಣಾ. ಸಾಯೋಕೋಗೋನು ಬಿಸಿಲಿಗೆ ಹೆದ್ರಿ ಛತ್ರಿ ತರ್ತಾನಾ ಅಂತ!"

ತಳದ ಮೀನು

ಬಂದೇ ಬಂತು ಭಾನುವಾರ. ಬೆಳಿಗ್ಗೆ ಎದ್ದವರೇ ಮಾವ ಕಾಫಿನೂ ಕುಡಿಯದೆ ಗಾಳ ಹೆಗಲಿಗೇರಿಸಿ ಕೆರೆಗೆ ಹೊರಟರು. ಅತ್ತೆ ನನ್ನನ್ನು ಹಿತ್ತಲಿಗೆ ಕರೆದು, "ಬಸ್‌ಸ್ಟ್ಯಾಂಡ್ ಹತ್ರ ಐಸ್ ಪೆಟ್ಟಿಗೆ ಮೀನಿನೋನು ಅವ್ನೆ. ನಮ್ಮನೆಯವರ ಮಾನ ಉಳಿಸಪ್ಪಾ" ಅಂದರು.

ಓಡಿದೆ. "ತುಂಡು ಮಾಡ್ಬೇಡ, ಇಡೀ ರೋಹು ಮೀನು ಕೊಡು, ಬೇಗ" ಅಂದೆ. ಅವನು ಅತ್ತ ತಿರುಗಿ ಚಾಕುವಿನಲ್ಲಿ ಏನೋ ಗೀಚಿ, ಕವರಿಗೆ ತುರುಕಿ ಕೊಟ್ಟ. ಕೆರೆಗೆ ಹೋದಾಗ ಮಾವ ಗಾಳ ನನ್ನ ಕೈಗೆ ಕೊಟ್ಟು ನೀರು ಕುಡಿಯಲು ಏರಿ ಮೇಲೆ ಹೋದರು. ಅಷ್ಟೇ ಸಾಕಾಯ್ತು. ಮೀನಿನ ಬಾಯಿಗೆ ಕೊಕ್ಕೆ ಸಿಗಿಸಿ ನೀರಿಗೆ ಬಿಟ್ಟು ಕೂಗಿದೆ: "ಮಾವಾ! ಗಾಳದ ಬೆಂಡು ಮುಳುಗ್ತು!"

ಮಾವ ಪಂಚೆ ಎತ್ತಿ ಓಡಿ ಬಂದರು. ಹಿಂದೆಯೇ ಅದೇ ಕುರಿಯವನು, ಬಟ್ಟೆ ಒಗೆಯೋ ಹೆಂಗಸರು, ಎಲ್ಲಾ ಬಂದರು. ಗಾಳ ಎಳೆದರೆ ಒಳ್ಳೇ ಕೊಬ್ಬಿದ ರೋಹು! ಜನ ಹೋ ಅಂದರು. ಮಾವ ಮೀನು ಹಿಡಿದವರು ಹಾಗೇ ನಿಂತುಬಿಟ್ಟರು. ಕುರಿಯವನು ಒಂದು ಬೆರಳಿಟ್ಟು ಮುಟ್ಟಿದ.

"ಅಣ್ಣಾ! ಕೆರೆ ನೀರು ಕಾಫಿಯಂಗೆ ಕಾದೈತೆ, ಮೀನು ನೋಡಿದ್ರೆ ಐಸ್ ಇದ್ದಂಗೈತೆ!"

ಐಸಿನ ವಿಚಾರ ನನ್ನ ತಲೆಗೇ ಹೊಳೆದಿರಲಿಲ್ಲ.

ಮಾವ ಗಬಕ್ಕನೆ ಮೀನನ್ನು ಟವೆಲಿನಲ್ಲಿ ಸುತ್ತಿ ಕಂಕುಳಿಗೆ ಸೇರಿಸಿದರು. ಮೀಸೆ ತಿರುವಿದರು. "ಬಾಯಿ ಬಡ್ಕೊಂಡೆನಲ್ಲಾ, ತಳದಾಗೆ ತಣ್ಣಗೈತೆ ಅಂತ! ಯಾರಾದ್ರೂ ನಂಬಿದ್ರಾ?"

ಎಲ್ಲರೂ ನಂಬಿದರು. ಮಾರನೇ ದಿನದಿಂದ ಅರ್ಧ ಊರು ಆ ಗುಂಡಿಗೇ ಗಾಳ ಹಾಕಿ ಕೂತಿತ್ತಂತೆ.

ಮಧ್ಯಾಹ್ನ ಊಟಕ್ಕೆ ಕೂತೆವು. ಮಾವ ತಾವೇ ಸೌಟು ಹಿಡಿದು, ದೊಡ್ಡ ತುಂಡು ನನ್ನ ತಟ್ಟೆಗೆ ಹಾಕಿದರು. ಅವರ ಕಣ್ಣು ತುಂಬಿತ್ತು. ಬಗ್ಗಿ ಕಿವಿಯಲ್ಲಿ ಮೆಲ್ಲಗೆ ಹೇಳಿದರು:

"ಚೆನ್ನಾಗಿ ತಿನ್ನಿ ಅಳಿಯಂದ್ರೇ. ಆದ್ರೆ ಇನ್ನೊಂದ್ಸಲ ತರುವಾಗ ಹೊಟ್ಟೆ ಸೀಳಿ ಕ್ಲೀನ್ ಮಾಡಿರೋದು ತರ್ಬೇಡಿ ಕಣಪ್ಪ. ಕರುಳೇ ಇಲ್ಲದ ಮೀನು ಎರೆಹುಳ ನುಂಗಿ ಎಲ್ಲಿಟ್ಕಂತದೆ?"