ಒಬ್ಬರು ಉಳಿಯಬೇಕು

ನನಗೆ ಸ್ವಂತ ದನಿ ಅಂತ ಒಂದಿಲ್ಲ. ಇದು ವಿನಯದ ಮಾತಲ್ಲ, ನನ್ನ ಕಸುಬಿನ ಅರ್ಹತೆ. ಶಿಡ್ಲಘಟ್ಟದ ಸುತ್ತಮುತ್ತ ಗಣೇಶನ ಪೆಂಡಾಲು, ಬೀಗರೂಟ, ಕಾಲೇಜು ಡೇ, ಎಲ್ಲಿ ಮೈಕು ಕಂಡರೂ ಹತ್ತಿ ಮಿಮಿಕ್ರಿ ಮಾಡಿಬಿಡುತ್ತೇನೆ. ಚಿಂತಾಮಣಿ, ಚಿಂತಾಮಣಿ ಎಂದು ಮೂಗಿನಲ್ಲೇ ಊರು ಕೂಗುವ ಕಂಡಕ್ಟರು, ಒಂದು ವಾಕ್ಯಕ್ಕೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುವ ನಮ್ಮ ಪ್ರಿನ್ಸಿಪಾಲರು, ನೀರಿಲ್ಲದೆ ಬರೀ ಗಾಳಿ ಎಳೆಯುವ ಬೋರ್‌ವೆಲ್ಲಿನ ಮೋಟರು, ಯಾರನ್ನು ಬೇಕಾದರೂ ಕೇಳಿ. "ಈಗ ನಿನ್ನ ದನೀಲಿ ಮಾತಾಡೋ" ಎಂದರೆ ಮಾತ್ರ ತಬ್ಬಿಬ್ಬಾಗುತ್ತೇನೆ. ಅಂಥ ನನ್ನ ಬಾಯಿಗೆ ಕೊರೋನಾ ಬಂದು ಮಾಸ್ಕು ಕಟ್ಟಿತು. ಮದುವೆಗಳಲ್ಲಿ ಜನವೇ ಇಲ್ಲದಿರುವಾಗ ಮೈಕು ಯಾರು ಕೊಡುತ್ತಾರೆ? ಮಾಸ್ಕಿನೊಳಗಿಂದ ಮಾಡಬಹುದಾದ ಐಟಂ ಎಂದರೆ ಕೆಮ್ಮು ಒಂದೇ. ಅದನ್ನೂ ಬಸ್ಸಿನಲ್ಲಿ ಒಮ್ಮೆ ಪ್ರಯೋಗಿಸಿದೆ. ಮೂವರ ಸೀಟು ನನ್ನೊಬ್ಬನಿಗೇ ಸಿಕ್ಕಿತು, ಮುಂದಿನ ಸ್ಟಾಪಿನವರೆಗೆ. ಅಲ್ಲಿ ಪ್ರಯಾಣಿಕರೆಲ್ಲ ಸೇರಿ ನನ್ನನ್ನೇ ಇಳಿಸಿದರು.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ, ನೆಂಟರ ಮದುವೆ ಗೊತ್ತಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು, ಅಷ್ಟೇ. ಆದ್ದರಿಂದ ನಮ್ಮಲ್ಲೊಂದು ಕಾನೂನಿದೆ: ಮನೆಮಂದಿ ಎಲ್ಲಿಗೇ ಹೋಗಲಿ, ಒಬ್ಬರು ಉಳಿಯಬೇಕು. ಆ ಒಬ್ಬರು ಯಾರು ಎಂದು ಕಾನೂನಿನಲ್ಲಿ ಹೇಳಿಲ್ಲ. ಹೇಳುವ ಪ್ರಸಂಗ ಬಂದಿಲ್ಲ. ಚರ್ಚೆ ಶುರುವಾಗುವ ಹೊತ್ತಿಗೆ ಅಮ್ಮ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಹುಳಮನೆಗೆ ಹೋಗಿಯಾಗಿರುತ್ತದೆ. ಸ್ವಂತ ತಮ್ಮನ ಮದುವೆಯಲ್ಲಿ ಧಾರೆಗೆ ಬಂದು ಊಟಕ್ಕೆ ಮೊದಲೇ ವಾಪಸಾದ ಹೆಂಗಸು ಅವಳು. ಲಾಕ್‌ಡೌನಿನಲ್ಲಿ ಬಿದ್ದ ರೇಷ್ಮೆಗೂಡಿನ ಬೆಲೆ ಇನ್ನೂ ಎದ್ದಿಲ್ಲವೆಂದು ಅಪ್ಪ ಒಂದು ಬೆಳೆ ಹುಳ ತರಲೇ ಇಲ್ಲ. ನಾನು ಹುಟ್ಟಿದ ಮೇಲೆ ಮೊದಲ ಸಲ ಹುಳಮನೆ ಖಾಲಿ ಬಿತ್ತು. ಅದೇ ಹೊತ್ತಿಗೆ ಗೌರಿಬಿದನೂರಿನಲ್ಲಿ ಟೀಚರಾಗಿರುವ ಅಕ್ಕ, ಮೊಬೈಲಿನಲ್ಲಿ ಪಾಠ ಮಾಡಿ ಮಾಡಿ ಗೋಡೆಗೂ "ಅರ್ಥ ಆಯ್ತಾ?" ಎಂದು ಕೇಳುವ ಸ್ಥಿತಿಗೆ ಬಂದಿದ್ದವಳು, ಮೊದಲ ಅಲೆ ಇಳಿದು ಬಾಗಿಲು ತೆರೆದಿದ್ದ ಬೆಂಗಳೂರಿನಾಚೆಯ ಒಂದು ವಾಟರ್ ಪಾರ್ಕಿಗೆ ಆಫರಿನಲ್ಲಿ ಐದು ಟಿಕೆಟ್ಟು ಬುಕ್ ಮಾಡಿದಳು. ಐದನೆಯದು ಚಿಂತಾಮಣಿಯ ದೊಡ್ಡಪ್ಪನಿಗೆ. ಪ್ರೀತಿಯಿಂದಲ್ಲ, ವ್ಯಾನು ಅವರದು.

"ನಾನೂ ಬರ್ತೀನಾ?" ಎಂದು ಅಮ್ಮ ಎರಡು ಸಲ ಕೇಳಿದಳು.

"ಹುಳಾನೇ ಇಲ್ವಲ್ಲೇ, ಇನ್ಯಾರಿಗೆ ಕಾವಲು ಕೂರ್ತೀಯ?" ಎಂದ ಅಪ್ಪ, ತಪಸ್ಸಿಗೆ ಮೆಚ್ಚಿ ಪ್ರತ್ಯಕ್ಷನಾದ ದೇವರ ಗತ್ತಿನಲ್ಲಿ.

ಅಮ್ಮ ಅಕ್ಕನ ಮೊಬೈಲಿನಲ್ಲಿ ಪಾರ್ಕಿನ ಚಿತ್ರಗಳನ್ನು ನೋಡಿ, ಜೈಂಟ್ ವೀಲಿನ ಮೇಲೆ ಬೆರಳಿಟ್ಟಳು. "ನಂಗೆ ನೀರುಗೀರು ಬ್ಯಾಡ ಕಣೇ. ಇದೊಂದು ಹತ್ತಬೇಕು."

"ತಲೆ ತಿರುಗುತ್ತಮ್ಮಾ."

"ತಿರುಗ್ಲಿ ಬಿಡು. ನಾವು ಸುಮ್ನೆ ಕೂತಿದ್ರೆ ಅದೇ ತಿರುಗುತ್ತಂತಲ್ಲ, ಅದ್ ಹೆಂಗಿರುತ್ತೋ ನೋಡ್ಬೇಕು."

ನಾವೆಲ್ಲ ನಕ್ಕೆವು. ನಾನು ಅದನ್ನು ಅವಳ ದನಿಯಲ್ಲೇ ಮಾಡಿ ತೋರಿಸಿ ಇನ್ನಷ್ಟು ನಗಿಸಿದೆ.

ದೊಡ್ಡಪ್ಪನ ವ್ಯಾನು ಮೂಲತಃ ಟೊಮೆಟೊ ಹೊರುವುದಕ್ಕೆ ಇರುವುದು. ಒಳ್ಳೆಯ ಜಾಗಗಳನ್ನು ನಾವು ಹಂಚಿಕೊಂಡ ಮೇಲೆ, ಬಿಸಿಲು ನೇರವಾಗಿ ಬೀಳುವ ಹಿಂದಿನ ಕಿಟಕಿ ಅಮ್ಮನಿಗೆ ಉಳಿಯಿತು. ಬೆಳಗಾಗುವ ಮೊದಲೇ ಎದ್ದು ಮಾಡಿದ್ದ ಪುಳಿಯೋಗರೆಯ ಬಿಸಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕೂತಿದ್ದಳು. ಗೇಟಿನಲ್ಲಿ ಸೆಕ್ಯೂರಿಟಿಯವನು ಒಬ್ಬೊಬ್ಬರ ಹಣೆಗೂ ಜ್ವರದ ಗನ್ನು ಹಿಡಿದ. ನಾವು ನಾಲ್ವರೂ ಪಾಸು. ಅಮ್ಮನ ಹಣೆಗೆ ಅದು ಕೀ ಕೀ ಎಂದು ಕೂಗಿತು.

"ಟೆಂಪರೇಚರ್ ಜಾಸ್ತಿ ತೋರಿಸ್ತೈತೆ ಮೇಡಂ. ಆ ಮರದ ನೆರಳಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಇನ್ನೊಂದ್ಸಲ ನೋಡಿ ಬಿಡ್ತೀನಿ. ಅಂಗೇ, ಊಟದ ಚೀಲ ಒಳಗೆ ಬಿಡಕ್ಕಾಗಲ್ಲ."

ನಾವು ಪರಸ್ಪರ ಮುಖ ನೋಡಿಕೊಂಡೆವು. ಹುಳವಿಲ್ಲದಿದ್ದರೇನು, ಚೀಲ ಇತ್ತಲ್ಲ. ಅಪ್ಪ ಹೇಳಿದ, "ನೀನಿಲ್ಲೇ ಕೂತಿರು, ಹಿಂಗ್ ಹೋಗಿ ಹಂಗ್ ಬಂದ್ಬಿಡ್ತೀನಿ." ಅಕ್ಕ ಹೇಳಿದಳು, "ಹತ್ತೇ ನಿಮಿಷ ಅಮ್ಮಾ, ನಾನೇ ಬಂದು ಕರ್ಕೊಂಡೋಗ್ತೀನಿ, ಪ್ರಾಮಿಸ್." ಯಾವ ಮಾತಿಗೇ ಆಗಲಿ ಎರಡೆರಡು ಭಾಷೆಯಲ್ಲಿ ಮೊಳೆ ಹೊಡೆಯುವ ದೊಡ್ಡಪ್ಪ, "ಏಮೀ ಕಾದು ರತ್ನಮ್ಮಾ, ಏನೂ ಆಗಲ್ಲ. ನೇನೇ ವಸ್ತಾನು, ನಾನೇ ಬತ್ತೀನಿ" ಎಂದರು. ನಾನೂ ಏನೋ ಒಂದು ಹೇಳಿದೆ.

ಒಳಗಿನ ವೈಭವವನ್ನು ಏನೆಂದು ವರ್ಣಿಸಲಿ! ಮನೆಯಲ್ಲಿ ತರಕಾರಿ ತೊಳೆದು, ಹಾಲಿನ ಪ್ಯಾಕೆಟ್ ತೊಳೆದು, ಪೋಸ್ಟ್‌ಮ್ಯಾನನ್ನೇ ತೊಳೆಯಲು ಹೊರಟಿದ್ದ ಅಪ್ಪ, ಯಾರುಯಾರೋ ತೊಟ್ಟು ಬಿಟ್ಟ ಬಾಡಿಗೆಯ ನೈಲಾನ್ ಚಡ್ಡಿ ಹಾಕಿಕೊಂಡು ಊರವರ ಜೊತೆ ಒಂದೇ ಕೊಳದಲ್ಲಿ ಮುಳುಗಿದ. ಮಾಸ್ಕು ನೆನೆಯುತ್ತದೆಂದು ತೆಗೆದು ಲಾಕರಿನಲ್ಲಿ ಜೋಪಾನ ಮಾಡಿದ್ದ. ದೇಶವೆಲ್ಲ ಎರಡನೇ ಅಲೆಗೆ ಹೆದರಿ ಕೂತಿದ್ದರೆ, ನಮ್ಮಪ್ಪ ವೇವ್ ಪೂಲಿನವನಿಗೆ, "ಎರಡನೇ ಅಲೆ ಯಾವಾಗಪ್ಪಾ ಬಿಡ್ತೀಯ?" ಎಂದು ಪೀಡಿಸುತ್ತಿದ್ದ. ದೊಡ್ಡಪ್ಪ ಜಾರುಬಂಡೆಯ ಮೇಲಿಂದ "ಓರಿ ದೇವುಡಾ" ಎನ್ನುತ್ತ ಹೊರಟವರು ನೀರಿಗೆ ಬೀಳುವಾಗ "ಅಯ್ಯೋ ದ್ಯಾವ್ರೇ" ಎಂದರು. ಭಯದಲ್ಲೂ ಅನುವಾದ ತಪ್ಪಲಿಲ್ಲ. ಮೊಬೈಲುಗಳು ಬಟ್ಟೆಯ ಜೊತೆ ಲಾಕರಿನಲ್ಲಿದ್ದವು. ಅಪ್ಪ ಕಾಣದಾದಾಗ ಅಮ್ಮನನ್ನು ಕರೆತರಲು ಹೋಗಿದ್ದಾನೆಂದು ಅಕ್ಕ ತಿಳಿದಳು. ಅಕ್ಕ ಕಾಣದಾದಾಗ ಅಪ್ಪ ಹಾಗೇ ತಿಳಿದ. ಇಬ್ಬರೂ ಕಾಣದಾದಾಗ ನಾನು, ಇಷ್ಟು ಹೊತ್ತಿಗೆ ಅಮ್ಮ ಜೈಂಟ್ ವೀಲಿನಲ್ಲಿ ಮೇಲಿರಬೇಕು ಎಂದುಕೊಂಡು, ಕೊಳದಿಂದಲೇ ಅದರ ಕಡೆ ಕೈ ಬೀಸಿದೆ. ಯಾರೋ ತಿರುಗಿ ಕೈ ಬೀಸಿದರು ಕೂಡ.

ಮುಚ್ಚುವ ಸೀಟಿ ಊದಿದಾಗ ನಾಲ್ವರೂ ಲಾಕರಿನ ಮುಂದೆ ಕೂಡಿದೆವು. "ಅಮ್ಮ ಎಲ್ಲಿ?" ಎಂದು ಎಲ್ಲರೂ ಎಲ್ಲರನ್ನೂ ಕೇಳಿದೆವು.

ಅಮ್ಮ ಅದೇ ಮರದ ಕೆಳಗಿದ್ದಳು. ಪಕ್ಕದಲ್ಲಿ ಸೆಕ್ಯೂರಿಟಿಯವನು ಡಬ್ಬಿಯ ಮುಚ್ಚಳದಲ್ಲಿ ಪುಳಿಯೋಗರೆ ತಿನ್ನುತ್ತಿದ್ದ. "ಮೂರು ಸಲ ನೋಡ್ದೆ ಸಾರ್, ಜ್ವರಾನೂ ಇಲ್ಲ ಏನೂ ಇಲ್ಲ. ಒಳಗೋಗಮ್ಮಾ ಅಂದ್ರೆ, ಬರ್ತಾರೆ, ಕರ್ಕೊಂಡೋಗ್ತೀವಿ ಅಂತ ಹೇಳವ್ರೆ ಅಂತ ಕೂತ್‌ಬಿಟ್ರು" ಎಂದು ಅಪ್ಪನ ಒದ್ದೆ ತಲೆಯನ್ನೇ ನೋಡಿದ. ಅಮ್ಮ ತನ್ನ ಟಿಕೆಟ್ಟನ್ನು ಮಡಿಸಿ ಬಳೆಗೆ ಸಿಕ್ಕಿಸಿಕೊಂಡಿದ್ದಳು. "ಹಸ್ದಿರ್ತೀರ, ತಿನ್ನಿ" ಎಂದು ನಮಗೆ ಡಬ್ಬಿ ಕೊಟ್ಟಳು. ನಾವು ತಿಂದೆವು. ಅದೂ ಆಯಿತು.

ವಾಪಸು ಬರುವಾಗ ವ್ಯಾನಿನಲ್ಲಿ ಅಪ್ಪ ಒದ್ದೆ ತಲೆಯನ್ನು ಒರೆಸಿದ್ದೇ ಒರೆಸಿದ, ಅಕ್ಕ ಮೊಬೈಲಿನಲ್ಲಿ ಮುಖ ಹುದುಗಿಸಿದ್ದಳು. ಹಗುರ ಮಾಡೋಣವೆಂದು ನಾನು ಪಾರ್ಕಿನ ಅನೌನ್ಸ್‌ಮೆಂಟ್ ಮಾಡಿದೆ. ಯಾರೂ ನಗಲಿಲ್ಲ. ಆಗ, "ನೀನಿಲ್ಲೇ ಕೂತಿರು, ಹಿಂಗ್ ಹೋಗಿ ಹಂಗ್ ಬಂದ್ಬಿಡ್ತೀನಿ" ಎಂದು ಅಪ್ಪನ ದನಿ ಕೇಳಿಸಿತು.

"ನಾನೆಲ್ಲಿ ಮಾತಾಡ್ದೆ?" ಎಂದು ಅಪ್ಪ ಬೆಚ್ಚಿಬಿದ್ದ. ಹಿಂದಿನ ಸೀಟಿನಲ್ಲಿ ಅಮ್ಮ ಮಾಸ್ಕು ಹಾಕಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಆ ಮಾಸ್ಕಿನೊಳಗಿಂದ ಮುಂದೆ ಬಂದದ್ದು ಅಕ್ಕನ ದನಿ: "ಹತ್ತೇ ನಿಮಿಷ ಅಮ್ಮಾ... ಪ್ರಾಮಿಸ್." ಆ ಪ್ರಾಮಿಸ್ಸಿನ ರಾಗ ಕೂಡ ಹಾಗೇ ಇತ್ತು. "ನೇನೇ ವಸ್ತಾನು, ನಾನೇ ಬತ್ತೀನಿ" ಎನ್ನುವಾಗ ದೊಡ್ಡಪ್ಪ ಬ್ರೇಕು ಹಾಕಿ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿಯೇಬಿಟ್ಟರು. ನಾನು ಹುಡುಗನಾಗಿದ್ದಾಗಿನಿಂದ, ನನಗೆ ಈ ವಿದ್ಯೆ ಎಲ್ಲಿಂದ ಬಂತೋ ಎಂದು ಊರೆಲ್ಲ ಆಶ್ಚರ್ಯಪಟ್ಟಿದೆ. ಹುಳಮನೆಯೊಳಗೆ ಯಾರೂ ಹೋಗಿ ಕೇಳಿರಲಿಲ್ಲ.

ಕೊನೆಗೆ ಇನ್ನೊಂದು ದನಿ ಬಂತು. ಉಡಾಫೆಯದು, ಸ್ವಲ್ಪ ಮೂಗಿನದು. "ನಿಂಗೆ ಇದೆಲ್ಲಾ ಅಭ್ಯಾಸಾನೇ ಅಲ್ವೇನಮ್ಮಾ!" ಅದರ ಬಾಲಕ್ಕೆ ಒಂದು ಸಣ್ಣ ನಗು, ತನ್ನ ಜೋಕಿಗೆ ತಾನೇ ಮೊದಲು ನಗುವವರದು. ಯಾರಪ್ಪಾ ಈ ಕಿಡಿಗೇಡಿ ಎಂದು ನನಗೆ ನಿಜಕ್ಕೂ ಒಂದು ಗಳಿಗೆ ಗೊತ್ತಾಗಲಿಲ್ಲ. ಆಮೇಲೆ ನೋಡಿದರೆ, ಮೂವರೂ ತಿರುಗಿ ನನ್ನನ್ನೇ ನೋಡುತ್ತಿದ್ದರು.

ಅಮ್ಮ ಮತ್ತೆ ಯಾರ ದನಿಯನ್ನೂ ಮಾಡಿಲ್ಲ. ಈಗ ಮದುವೆಗಳಿಗೆ ಜನ ಬರುತ್ತಾರೆ, ನನಗೂ ಮೈಕು ಸಿಗುತ್ತದೆ. "ನನಗೆ ಸ್ವಂತ ದನಿ ಇಲ್ಲ" ಎಂದೇ ಈಗಲೂ ಶುರುಮಾಡುತ್ತೇನೆ, ಚಪ್ಪಾಳೆ ಬೀಳುತ್ತದೆ. ಸುಳ್ಳು. ಇದೆ. ಅದನ್ನು ಮಾಡಿ ತೋರಿಸಬಲ್ಲ ಒಬ್ಬರೇ ಒಬ್ಬರಿದ್ದಾರೆ, ಆದರೆ ಅವರು ಯಾವ ಮದುವೆಗೂ ಬರುವಂತಿಲ್ಲ. ಗೂಡಿನ ಬೆಲೆ ಏರಿದೆ, ಹುಳ ಬಂದಿವೆ, ಒಬ್ಬರು ಉಳಿಯಬೇಕು.