ಸ್ವೆತೋಜಾರ್ ಮೇಷ್ಟರ ಡಿಸ್ಕ್ ಬ್ರೇಕು

ಬೆಟ್ಟದೂರು ಊಜಿತ್ಸೆಯ ಭೌತಶಾಸ್ತ್ರದ ಮೇಷ್ಟರು ಸ್ವೆತೋಜಾರ್ ತಮ್ಮ ನಲವತ್ತು ವರ್ಷದ ಪುಟ್ಟ ಕಾರಿಗೆ ಸ್ವಹಸ್ತದಿಂದಲೇ ಡಿಸ್ಕ್ ಬ್ರೇಕ್ ಜೋಡಿಸುವುದಾಗಿ ಘೋಷಿಸಿದರು. ಹಳೆಯ ಬ್ರೇಕುಗಳು ಇಳಿಜಾರಿನಲ್ಲಿ ಕಾರನ್ನು ನಿಲ್ಲಿಸುತ್ತಿರಲಿಲ್ಲ. ದಯವಿಟ್ಟು ನಿಲ್ಲಬೇಕೆಂದು ವಿನಂತಿಸುತ್ತಿದ್ದವು, ಅಷ್ಟೆ.

ಹೆಂಡತಿ ದೆಸಾಂಕಾ ಆಸ್ಪತ್ರೆಯಲ್ಲಿ ನರ್ಸು. ಕಣಿವೆಯಲ್ಲಿ ಗ್ಯಾರೇಜು ಇಟ್ಟಿದ್ದ ತನ್ನ ತಮ್ಮ ಮಿಲೋಯೆಗೆ ಕೆಲಸ ಒಪ್ಪಿಸೋಣವೆಂದಳು. ಮೇಷ್ಟರ ಮೀಸೆ ನೆಟ್ಟಗಾಯಿತು.

"ಬ್ರೇಕ್ ಅಂದ್ರೆ ಏನು? ದ್ರವದ ಒತ್ತಡ. ಮೂವತ್ತು ವರ್ಷದಿಂದ ಅದನ್ನೇ ಪಾಠ ಮಾಡ್ತಿದೀನಿ. ನಿನ್ನ ತಮ್ಮನಿಗೆ ನಾನು ಹೇಳಿಕೊಡಬೇಕು."

"ಭಾನುವಾರ ಅವನ ಮನೆ ಕಾಯೋ ಸಂತನ ಹಬ್ಬ. ಕಣಿವೆಗೆ ಇಳೀಬೇಕು," ಎಂದಳು ದೆಸಾಂಕಾ. "ರಸ್ತೆ ಮೇಲೇ ಇಳೀತೀವಿ ತಾನೆ?"

ಶುಕ್ರವಾರ ಮೇಷ್ಟರು ಕಾರನ್ನು ಅಂಗಳದಲ್ಲಿ ಎತ್ತಿ ನಿಲ್ಲಿಸಿ ಹಳೆಯದನ್ನೆಲ್ಲ ಕಿತ್ತೆಸೆದರು. ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರುಗಳು ಎಡಬಲಕ್ಕೆ ಸಲೀಸಾಗಿ ಕೂತವು. ಅಷ್ಟು ಸಲೀಸಾಗಿ ಕೂತಾಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಉಳಿದದ್ದು ಬ್ರೇಕ್ ಎಣ್ಣೆಯ ಕೊಳವೆಯೊಳಗಿನ ಗಾಳಿ ತೆಗೆಯುವ ಕೆಲಸ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಗಾಳಿ ಹೊರಬಿಡುವ ಸ್ಕ್ರೂ ಸಡಿಲಿಸಬೇಕು. ಪಾಳಿ ಮುಗಿಸಿ ಬಂದ ದೆಸಾಂಕಾಳನ್ನು ಚಪ್ಪಲಿಯನ್ನೂ ಬಿಡಗೊಡದೆ ಕಾರಿನಲ್ಲಿ ಕೂರಿಸಿದರು.

ಒತ್ತು, ಹಿಡಿ, ಬಿಡು. ಒಂದು ಬಾಟಲಿ ಬ್ರೇಕ್ ಎಣ್ಣೆ ಮುಗಿಯಿತು. ಪೆಡಲ್ ಮಾತ್ರ ಕಲಸಿದ ಹಿಟ್ಟಿನಲ್ಲಿ ಕಾಲಿಟ್ಟಂತೆ ಇಳಿಯುತ್ತಲೇ ಇತ್ತು. ಶನಿವಾರ ಎರಡನೆಯ ಬಾಟಲಿ, ಮೂರನೆಯದು. ಮೇಷ್ಟರು ಮೊದಲು ಎಣ್ಣೆಯನ್ನು ಬೈದರು, ಬಳಿಕ ಮಾರಿದವನನ್ನು, ಕೊನೆಗೆ ಹೆಂಡತಿಯ ಪಾದವನ್ನು. ಅವಳು ಒತ್ತುವುದರಲ್ಲಿ ಶ್ರದ್ಧೆಯಿಲ್ಲವಂತೆ. ಎದುರು ಬಾಲ್ಕನಿಯ ಮುದುಕರಿಬ್ಬರು ಕುರ್ಚಿ ತಂದು ಹಾಕಿಕೊಂಡರು.

ಜೋಮು ಹಿಡಿದ ಕಾಲನ್ನು ಎಳೆದುಕೊಂಡು ದೆಸಾಂಕಾ ಕೆಳಗಿಳಿದಳು. ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದಳು.

"ಮೇಷ್ಟ್ರೇ, ಇಂಜೆಕ್ಷನ್ ಕೊಡೋವಾಗ ನಾವು ಸೂಜೀನ ಮೇಲಕ್ಕೆ ಹಿಡಿದು ಗಾಳಿ ಬಿಡ್ತೀವಿ. ನಿಮ್ಮ ಸ್ಕ್ರೂ ಯಾಕೆ ನೆಲ ನೋಡ್ತಿದೆ?"

ಮೇಷ್ಟರು ನೋಡಿದರು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಸ್ಕ್ರೂ ತಳಕ್ಕೆ ಹೋಗಿತ್ತು. ಗಾಳಿ ಮೇಲ್ಭಾಗದಲ್ಲಿ ಎರಡು ದಿನದಿಂದ ಹಾಯಾಗಿ ಬಿಡಾರ ಹೂಡಿತ್ತು. ದ್ರವದಲ್ಲಿ ಗುಳ್ಳೆ ಮೇಲಕ್ಕೇ ಏರುತ್ತದೆಂದು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಕೈ ಸ್ಪ್ಯಾನರ್ ಎತ್ತಿಕೊಂಡಿತು. ಅದಲುಬದಲಾಯಿತು. ನಾಲ್ಕನೆಯ ಬಾಟಲಿಗೆ ಪೆಡಲ್ ಕಲ್ಲಿನಂತೆ ನಿಂತಿತು.

ಭಾನುವಾರ ಕಾರು ಪ್ರತಿ ತಿರುವಿನಲ್ಲೂ ಹೇಳಿದ ಮಾತು ಕೇಳಿತು. ಹಬ್ಬಕ್ಕೆ ಬೇಯಿಸಿದ ಸಿಹಿ ಗೋಧಿ ತಿಂದು, ಪ್ಲಮ್ ಬ್ರಾಂದಿಯ ಲೋಟ ಹಿಡಿದೇ ಬಂದ ಮಿಲೋಯೆ ಪೆಡಲ್ ಒತ್ತಿ ನೋಡಿ, ಊಟದ ಮೇಜಿಗೆ ಮರಳಿ ತಲೆದೂಗಿದ.

"ಭಾವ, ಶಹಬ್ಬಾಸ್. ಎಲ್ಲರೂ ಮೊದಲ ಸಲ ಎಡಬಲ ತಿರುಗಾಮುರುಗಾ ಹಾಕ್ತಾರೆ. ನೀವು ಹೇಗೆ ಬಚಾವಾದ್ರಿ?"

ಮೇಷ್ಟರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಎಲ್ಲಾ ಭೌತಶಾಸ್ತ್ರ ಕಣಯ್ಯ."

"ಹೌದು," ಎಂದಳು ದೆಸಾಂಕಾ, ತಮ್ಮನ ತಟ್ಟೆಗೆ ಇನ್ನಷ್ಟು ಗೋಧಿ ಬಡಿಸುತ್ತ. "ನಾಲ್ಕು ಬಾಟಲಿ ಹಿಡೀತು."