ಮೂವತ್ತಕ್ಕೆ ಇಳಿಯದ ಮನೆ

ಡಿಗ್ರಿಯಪ್ಪನವರು ತಮ್ಮ ಹೆಂಡತಿಯನ್ನು ಮೊದಲು ಕಂಡದ್ದು ಬೆಳಗ್ಗೆ ಎಂಟೂವರೆಗೆ, ಹವಾಮಾನ ಕಚೇರಿಯ ಅಂಗಳದಲ್ಲಿ, ಉಸಿರು ಬಿಗಿಹಿಡಿದು. (ಪ್ರೇಮದಿಂದಲ್ಲ, ನಿಯಮದಿಂದ.) ಅಲ್ಲಿ ನಾಲ್ಕು ಕಾಲಿನ ಬಿಳಿ ಮರದ ಪೆಟ್ಟಿಗೆ, ಒಳಗೆ ಎರಡು ಥರ್ಮಾಮೀಟರು. ಒಂದು ಒಣ, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಎರಡರ ಅಂತರದಿಂದ ಗಾಳಿಯ ತೇವಾಂಶ ತಿಳಿಯುತ್ತದೆ. ಓದುವವನ ಬಿಸಿಯುಸಿರು ತಾಗಿದರೆ ಅಳತೆ ಕೆಟ್ಟಿತು.

ಆಗಲೇ ಲಾಂಡ್ರಿಯವರ ಮಗಳು ಸೊಂಟದ ಮೇಲೆ ಗಂಟು ಹೊತ್ತು ಬಂದಳು.

"ಸಾರ್, ಇವತ್ತು ಬಟ್ಟೆ ಒಣಗುತ್ತಾ?"

ಇವರು ಕೆಂಪಾದರು, ಮಾತಿಲ್ಲ. ಪಾಪ, ಮೂಗನೆಂದುಕೊಂಡು ಅವಳು ಗಂಟು ಇಳಿಸಿ, ಬಟ್ಟೆ ಹಿಂಡುವುದು, ಹರವುವುದು, ಆಕಾಶ ನೋಡುವುದು, ಎಲ್ಲವನ್ನೂ ಕೈಸನ್ನೆಯಲ್ಲಿ ಕೇಳಿದಳು. ಇವರು ಉಸಿರು ಬಿಟ್ಟರು.

"ಒಣ ಇಪ್ಪತ್ತೆಂಟು ಪಾಯಿಂಟ್ ನಾಲ್ಕು, ಒದ್ದೆ ಇಪ್ಪತ್ತೈದು, ತೇವಾಂಶ ಎಪ್ಪತ್ತಾರು!"

"ಅಯ್ಯೋ, ಸುಮ್ಮನಿದ್ದಾಗಲೇ ಚೆನ್ನಾಗಿದ್ರಿ."

ಮುಂದೆ ಮದುವೆಯಾಯಿತು. ತಗಡಿನ ಮಾಡಿನ ಮನೆಯ ಗೋಡೆಯ ಮೇಲೂ ಎರಡು ಥರ್ಮಾಮೀಟರು ತೂಗಿದವು. ಈ ಬೇಸಿಗೆಯಲ್ಲಿ ಅವಳು ಸೆರಗಿನಿಂದ ಗಾಳಿ ಬೀಸಿಕೊಂಡು ಸಾಕಾಗಿ, "ಈ ಮನೆ ಮೂವತ್ತಕ್ಕೆ ಇಳಿದ ದಿನ ಬರ್ತೀನಿ" ಎಂದು ಅಕ್ಕನ ಮನೆಗೆ ಹೊರಟುಹೋದಳು. ದಿನಾ ಸಂಜೆ ಆರಕ್ಕೆ ಅವಳ ಫೋನು.

"ಎಷ್ಟಿದೆ?"

"ಮೂವತ್ತೈದು ಪಾಯಿಂಟ್ ಎರಡು."

"ಹೌದಾ. ಸರಿ, ಇಡ್ತೀನಿ."

ಪಕ್ಕದ ಮನೆಯ ಕ್ಷೌರಿಕ ತಲೆ ಚಚ್ಚಿಕೊಂಡ. "ಇಪ್ಪತ್ತೊಂಬತ್ತು ಅಂದ್ಬಿಡಿ ಸಾರ್, ಯಾರು ನೋಡ್ತಾರೆ?"

"ದಾಖಲೆಗೆ ಸುಳ್ಳು ಬರೆದ ಕೈ ಅನ್ನ ಕಲಸಬಾರದಪ್ಪ" ಎಂದರು ಡಿಗ್ರಿಯಪ್ಪನವರು. (ಅನ್ನ ಬೇಯಿಸಿ ವಾರವಾಗಿತ್ತು, ಬ್ರೆಡ್ಡಿನಲ್ಲೇ ಜೀವನ.)

ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಒದ್ದೆ ಚಾದರಗಳನ್ನು ಕಿಟಕಿಗೆಲ್ಲ ಕಟ್ಟಿದರು. ಪಾದರಸ ಮೂವತ್ತೊಂದಕ್ಕಿಳಿಯಿತು! ಆ ಸಂಜೆ ಫೋನು ಬಡಿದುಕೊಂಡ ತಕ್ಷಣ ಎತ್ತಿದರು.

"ಮೂವತ್ತೊಂದು ಕಣೇ! ಇನ್ನೊಂದೇ ಡಿಗ್ರಿ!"

"ತೇವಾಂಶ?"

"...ಎಂಬತ್ತೆಂಟು."

"ಅದು ಮನೆಯೋ, ಸ್ನಾನದ ಹಂಡೆಯೋ?" ಫೋನು ಕಟ್ಟಾಯಿತು. ಇಷ್ಟು ವರ್ಷ ಪಾಠ ಹೇಳಿಕೊಟ್ಟ ಗುರುವಿಗೆ ತಿರುಮಂತ್ರ!

ಹತ್ತನೆಯ ದಿನ ಮಧ್ಯಾಹ್ನ ಅವರು ಥರ್ಮಾಮೀಟರನ್ನು ಮಂಚದ ಮೇಲಿಟ್ಟು ಬರೆದುಕೊಂಡರು: ನನ್ನ ಬದಿ ಮೂವತ್ತೈದು, ಅವಳ ಬದಿ ಮೂವತ್ತನಾಲ್ಕೂವರೆ. ಷರಾ ಅಂಕಣದಲ್ಲಿ ಪೆನ್ನು ಬಹಳ ಹೊತ್ತು ನಿಂತು, ಕೊನೆಗೆ "ಕಾರಣ ತಿಳಿದಿದೆ" ಎಂದು ಬರೆಯಿತು.

ಹನ್ನೆರಡನೆಯ ಸಂಜೆ.

"ಎಷ್ಟಿದೆ?"

"ಮೂವತ್ತಾರು. ಇಳಿಯೋ ಲಕ್ಷಣ ಇಲ್ಲ." ಅವರು ಉಸಿರೆಳೆದುಕೊಂಡರು. "ಆದ್ರೂ ಬಾರೇ."

ಆ ಕಡೆ ಮೂಗೆಳೆದುಕೊಂಡ ಸದ್ದು.

"ದಿನಾ ಫೋನ್ ಮಾಡಿದ್ದು ಯಾಕಂದ್ಕೊಂಡ್ರಿ? ಬಿಸಿಲಿನ ಲೆಕ್ಕ ಇಲ್ಲಿನ ರೇಡಿಯೋದಲ್ಲೂ ಬರುತ್ತೆ. ಮೊದಲನೇ ದಿನವೇ ಬಾ ಅಂದಿದ್ರೆ ರಾತ್ರಿ ಬಸ್ಸಿಗೇ ಬರ್ತಿದ್ದೆ."

"ಹಾಗಾದ್ರೆ ನಾಳೆ..."

"ಎಲ್ಲಿ ನಾಳೆ? ಈ ಮನುಷ್ಯ ಕರೆಯೋಲ್ಲ ಅಂತ ನಿನ್ನೆ ತಾನೇ ಅಕ್ಕನಿಗೆ ಮಾತು ಕೊಟ್ಟೆ, ತಿಂಗಳು ಮುಗಿಯೋವರೆಗೂ ಇರ್ತೀನಿ ಅಂತ."

ತಿಂಗಳು ಮುಗಿಯಲು ಇನ್ನೂ ಹತ್ತೊಂಬತ್ತು ದಿನವಿತ್ತು. ಡಿಗ್ರಿಯಪ್ಪನವರು ಈಗ ದಿನಾ ಸಂಜೆ ಆರಕ್ಕೆ ತಾವೇ ಫೋನು ಮಾಡುತ್ತಾರೆ. ಮೊದಲು "ಬಾ" ಎನ್ನುತ್ತಾರೆ. ತಾಪಮಾನವನ್ನು ಆಮೇಲೆ ಹೇಳುತ್ತಾರೆ.